ಎರಡು ಪಟ್ಟಿ ಎದುರುಬದುರು ಇಟ್ಟಾಗ

ನಾನು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಎಡಗಾಲಿಗೆ ಪೋಲಿಯೊ, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿ ನಡೆಯುತ್ತೇನೆ. ಮೊದಲ ವರ್ಷಗಳಲ್ಲಿ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ತ್ರಿಚಕ್ರ ವಾಹನದ ಅರ್ಜಿ, ಇದರಲ್ಲೇ ದಿನ ಹೋಗುತ್ತಿತ್ತು. ವಿಕಲಚೇತನರಿಗೂ ಬಿಪಿ, ಶುಗರ್ ಬರುತ್ತದೆಂದು ನನಗೇ ಹೊಳೆದಿರಲಿಲ್ಲ.

ಹೊಳೆದದ್ದು ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ತಪಾಸಣೆಯ ಪುಸ್ತಕ ನೋಡಿದ ದಿನ. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಬಿಪಿ, ಶುಗರ್ ತಪಾಸಣೆ ಆಗಬೇಕು. ವಿಕಲಚೇತನರ ಹೆಸರಿರುವ ನನ್ನ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಹುಡುಕಿದೆ. ಹೆಸರುಗಳಿದ್ದವು, ಮುಂದಿನ ಕಾಲಂ ಖಾಲಿ. ‘ಅವ್ರು ಕ್ಯಾಂಪಿಗೆ ಬರಲ್ವಲ್ಲ ತಮ್ಮಾ’ ಅಂದರು ಅಕ್ಕ. ಕ್ಯಾಂಪ್ ನಡೆಯುತ್ತಿದ್ದದ್ದು ಮೆಟ್ಟಿಲು ಹತ್ತಿ ಹೋಗಬೇಕಾದ ಕಟ್ಟಡದಲ್ಲಿ.

ಆ ವಾರದಿಂದ ಬಿಪಿ ಮೆಷಿನ್ ಹಿಡಿದು ಅವರೂ ನಾನೂ ಮನೆಮನೆಗೆ ಹೊರಟೆವು. ತೂಕ ನೋಡುವುದೇ ಮೊದಲ ತೊಡಕು. ಎದ್ದು ನಿಲ್ಲಲಾಗದ ಹುಡುಗನನ್ನು ಅವನ ಅಪ್ಪ ಎತ್ತಿಕೊಂಡು ತಕ್ಕಡಿ ಮೇಲೆ ನಿಂತರು. ಆಮೇಲೆ ಅಪ್ಪನ ತೂಕ ಕಳೆದೆವು. ಕಣ್ಣು ಕಾಣದ ಅಜ್ಜಿಗೆ ಬಿಪಿ ಮಾತ್ರೆಯೂ ಶುಗರ್ ಮಾತ್ರೆಯೂ ಕೈಗೆ ಒಂದೇ ತರ. ಬಿಪಿ ಮಾತ್ರೆಯ ಹಾಳೆಗೆ ಒಂದು ರಬ್ಬರ್ ಬ್ಯಾಂಡ್, ಶುಗರಿನದಕ್ಕೆ ಎರಡು ಹಾಕಿದೆವು. ಕಿವಿ ಕೇಳದ ಒಬ್ಬ ತಾಯಿ ನರ್ಸ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ನರ್ಸಿನ ಮಾಸ್ಕ್ ತೆಗೆಸಿದ ಮೇಲೆ ತುಟಿ ನೋಡಿ ಪ್ರಶ್ನೆ ಕೇಳತೊಡಗಿದರು.

ನನಗೆ ಹೆಚ್ಚು ಕಲಿಸಿದ್ದು ಒಬ್ಬ ಕೊನೆಗೌಡನ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನ ಮನೆ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬಿಪಿ ನೋಡಲು ಹೋಗಿದ್ದೆವು, ಕೋಣೆಯೊಳಗೆ ವಾಸನೆ ಬಂತು. ಮಗ್ಗುಲಾಗಿಸಿ ನೋಡಿದರೆ ಟೊಂಕದ ಕೆಳಗೆ ಅಂಗೈಯಗಲದ ಹುಣ್ಣು. ನೋವು ಗೊತ್ತಾಗುವುದಿಲ್ಲವಾದ್ದರಿಂದ ಅವರಿಗೂ ತಿಳಿದಿರಲಿಲ್ಲ. ಹೆಂಡತಿ ಪ್ರೀತಿಯಿಂದ ಗಾಳಿ ತುಂಬಿದ ಟ್ಯೂಬ್ ಹಾಕಿ ಕೂರಿಸುತ್ತಿದ್ದರು. ಅದರ ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಆಕೆ ಅತ್ತುಬಿಟ್ಟರು. ಯಾರೂ ಹೇಳಿಕೊಡದ್ದು ಆಕೆಯ ತಪ್ಪಲ್ಲ, ನಮ್ಮದು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸ್ನಾನದ ಹೊತ್ತಿಗೆ ಮೈಯೆಲ್ಲ ನೋಡುವುದು, ಕೆಂಪಾದ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸುವುದು, ಇವನ್ನೆಲ್ಲ ಎದುರಿಗೇ ಮಾಡಿ ತೋರಿಸಿದೆವು. ಹುಣ್ಣಿಗೆ ನರ್ಸ್ ಬಂದು ಡ್ರೆಸಿಂಗ್ ಮಾಡಿದರು. ಪಂಚಾಯಿತಿ ವಿಕಲಚೇತನರಿಗೆ ಮೀಸಲಿಡುವ ಶೇ 5ರ ಹಣದಲ್ಲಿ ವಾಟರ್ ಬೆಡ್ ಕೊಡಿಸಲು ನಾಲ್ಕು ಸಲ ಅರ್ಜಿ ಬರೆದೆ. ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮಿನಲ್ಲಿ ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶ, ಚಿಕಿತ್ಸೆಯಲ್ಲಿ ಆದ್ಯತೆ ಎಂದಿದೆ. ಅದರ ಕನ್ನಡ ಪ್ರತಿಯನ್ನು ಈಗ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಈ ಸಲದ ಗ್ರಾಮಸಭೆಗೆ ಒಂದೇ ಬೇಡಿಕೆ ಬರೆದಿದ್ದೇನೆ: ಮುಂದಿನ ಕ್ಯಾಂಪ್ ಅಂಗನವಾಡಿ ಅಂಗಳದಲ್ಲಿ ಆಗಲಿ. ಅಲ್ಲಿ ಮೆಟ್ಟಿಲಿಲ್ಲ. ಕೊನೆಗೌಡರು ಗಾಲಿಕುರ್ಚಿಯಲ್ಲಿ ಬರುತ್ತೇನೆಂದಿದ್ದಾರೆ.