ಗುಂಡುತೋಪನ್ನು ತೋಪಾಗಿಯೇ ಉಳಿಸಿಕೊಂಡ ಬಗೆ

2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಬೆಂಗಳೂರಿನ ಪೂರ್ವದಂಚಿನ ನಮ್ಮೂರೂ ಒಂದು. ಹೊಲಗಳೆಲ್ಲ ಸೈಟುಗಳಾದವು, ಊರಾಚೆಯ ಗುಂಡುತೋಪು, ಅಂದರೆ ಊರಿಗೆಲ್ಲ ಸೇರಿದ ಮರಗಳ ತೋಪು, ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಉಳಿಯಿತು. ತೋಟಗಾರಿಕೆಯವರನ್ನು ಕೇಳಿದರೆ "ಅದು ಕಂದಾಯದವರದ್ದು" ಅನ್ನೋರು. ತಾಲ್ಲೂಕು ಕಚೇರಿಯಲ್ಲಿ "ಪಾಲಿಕೆಗೆ ಹೋಯ್ತಲ್ಲ ಸಾರ್" ಅನ್ನೋರು. ಬಡಾವಣೆ ಸಂಘದ ಕಾರ್ಯದರ್ಶಿಯಾದ ಮೇಲೆ ಈ ಕೆಲಸ ನನ್ನ ತಲೆಗೆ ಬಂತು.

ಗಿಡ ನೆಡೋಣ ಅಂತ ಎಲ್ಲರೂ ಹೊರಟಿದ್ದರು. ನಾನು ಕಾಗದ ಹುಡುಕೋಣ ಅಂದೆ. ತೋಪಿನ ನಡುವೆ ನಿಂತು ಫೋನಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡೆ. ಆಮೇಲೆ ಪಹಣಿ, ಗ್ರಾಮ ನಕ್ಷೆ, ಜಮೀನಿನ ವಿಸ್ತೀರ್ಣ ಹೇಳುವ ಆಕಾರಬಂದ್ ತೆಗೆಸಿದೆ. ಪಹಣಿಯಲ್ಲಿ "ಸರ್ಕಾರಿ ಗುಂಡುತೋಪು" ಅಂತ ಸ್ಪಷ್ಟವಾಗಿತ್ತು, ಅರ್ಧ ಗೆದ್ದ ಹಾಗಾಯಿತು. ಸರ್ವೆ ಅಳತೆಯ ಹಳೇ ಟಿಪ್ಪಣಿ ಮಾತ್ರ ಕೈಗೆ ಸಿಗಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ ಮೇಲೆ ಅದೂ ಬಂತು. ಇಷ್ಟೂ ಪ್ರತಿಗಳನ್ನು ಲಗತ್ತಿಸಿ ಹದ್ದುಬಸ್ತು ಮಾಡಿಸಿಕೊಡಿ, ಅಂದರೆ ಗಡಿ ಅಳೆದು ಗುರುತು ಮಾಡಿಸಿಕೊಡಿ ಅಂತ ತಹಶೀಲ್ದಾರರಿಗೆ ಮನವಿ ಕೊಟ್ಟೆವು.

ಸರ್ವೆಯರ್ ಬಂದ ದಿನ ನೈಋತ್ಯ ಮೂಲೆಯ ಗಡಿ ಗುರುತಿನ ಬಾಂದುಕಲ್ಲೇ ಕಾಣಲಿಲ್ಲ. ಅಲ್ಲಿ ಒಡೆದ ಇಟ್ಟಿಗೆ, ಸಿಮೆಂಟ್ ಗಟ್ಟಿ, ಹಳೇ ಟಾಯ್ಲೆಟ್ ಬೇಸಿನ್ನಿನ ರಾಶಿ. ಊರಿನ ಹಿರಿಯರೊಬ್ಬರು ಇಪ್ಪೆ ಮರಕ್ಕೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಹಾಕಿ, ಊರುಗೋಲು ಕುಟ್ಟಿ "ಇಲ್ಲಿ ಅಗೀರಿ" ಅಂದರು. ರಾಶಿ ಸರಿಸಿ ಮೊಣಕಾಲುದ್ದ ಅಗೆದಾಗ ಕಲ್ಲು ಸಿಕ್ಕಿತು, ತಲೆಯ ಮೇಲೆ ಉಳಿಯ ಗುರುತು ಮಾಸಿರಲಿಲ್ಲ. ಅಲ್ಲಿಂದ ಅಳೆದರೆ ಒಂದು ಮನೆಯ ಮೆಟ್ಟಿಲು, ಒಂದು ಕಾರ್ ಶೆಡ್ಡು ಒಳಗೆ ಬಂದಿದ್ದವು. ಒಂದು ಗುಂಟೆ ಅಂದರೆ 1,089 ಚದರಡಿ, ಹೆಚ್ಚುಕಡಿಮೆ ಒಂದು ಮೂವತ್ತು-ನಲವತ್ತರ ಸೈಟು. ಆಸೆ ಹುಟ್ಟದೆ ಇರುತ್ತದೆಯೇ! ಭೂಕಂದಾಯ ಕಾಯ್ದೆಯ 192ಎ ಕಲಮಿನಲ್ಲಿ ಸರ್ಕಾರಿ ಜಮೀನಿನ ಒತ್ತುವರಿ ಶಿಕ್ಷಾರ್ಹ ಅಪರಾಧ. ನೋಟಿಸ್ ಬಂದದ್ದೇ ತಡ, ಇಬ್ಬರೂ ತಾವೇ ತೆಗೆದರು. ಜಗಳ ಆಗಲಿಲ್ಲ, ಮಾತು ಮಾತ್ರ ಬಿಟ್ಟರು.

ಬೇಲಿ ಯಾವುದು ಅಂತ ಬಹಳ ಚರ್ಚೆಯಾಯಿತು. ನಾನು ಕಾಂಪೌಂಡ್ ಗೋಡೆ ಬೇಡವೇ ಬೇಡ ಅಂದೆ. ಗೋಡೆಯ ಮರೆ ಸಿಕ್ಕರೆ ರಾತ್ರೋರಾತ್ರಿ ಡೆಬ್ರಿ ಸುರಿಯುತ್ತಾರೆ, ಯಾರಿಗೂ ಕಾಣುವುದಿಲ್ಲ. ಕಲ್ಲುಕಂಬಕ್ಕೆ ತಂತಿ ಬಲೆ ಹಾಕಿಸಿ, ಎರಡು ಕಡೆ ಜನ ಅಡ್ಡ ತಿರುಗಿ ನುಸುಳುವಷ್ಟು ಸಂದು ಬಿಡಿಸಿದೆವು. ಬೈಕು ನುಗ್ಗುವುದಿಲ್ಲ, ಹೊಂಗೆ ಬೀಜ ಆಯುವ ಅಜ್ಜಿಯರು ಬರುತ್ತಾರೆ.

ಒತ್ತುವರಿಗಿಂತ ಹೆಚ್ಚು ಕಾಡಿದ್ದು ಅಭಿವೃದ್ಧಿ. ಜಾಗದ ದಾಖಲೆ ಸರಿಯಾಯಿತು ಅನ್ನುವಷ್ಟರಲ್ಲಿ ಶುದ್ಧ ನೀರಿನ ಘಟಕ, ಓಪನ್ ಜಿಮ್, ಟೈಲ್ಸ್ ಹಾಕಿದ ವಾಕಿಂಗ್ ಪಾತ್, ಆರೋಗ್ಯ ಕೇಂದ್ರ ಅಂತ ಒಂದೊಂದೇ ಪ್ರಸ್ತಾವ ಬಂತು. "ಖಾಲಿ ಬಿದ್ದಿದೆಯಲ್ಲ, ಒಳ್ಳೇ ಕೆಲಸಕ್ಕೇ ತಾನೆ?" ಅನ್ನುವವರಿಗೆ ನಾನು ಬೆಂಗಳೂರಿನದೇ ರಾಜಮಹಲ್ ವಿಲಾಸ್ ಬಡಾವಣೆಯ ಪ್ರಕರಣ ಹೇಳುತ್ತೇನೆ. ಅಲ್ಲಿ ಪಾರ್ಕಿನ ಜಾಗ ಕೊಟ್ಟದ್ದೂ ಆಸ್ಪತ್ರೆಯಂಥ ಒಳ್ಳೇ ಕೆಲಸಕ್ಕೇ, ಖಾಸಗಿ ನರ್ಸಿಂಗ್ ಹೋಮಿಗೆ. ಅದನ್ನು ಹೈಕೋರ್ಟ್ ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಜಿಮ್ಮಿನವರಿಗೆ ಪಕ್ಕದ ಬಡಾವಣೆಯ ಪಾರ್ಕು ತೋರಿಸಿದೆವು. ಮುನೇಶ್ವರನ ಕಟ್ಟೆಗೆ ಶೀಟ್ ಹೊದಿಸುವ ಮಾತು ಬಂದಾಗ ಹುಷಾರಾಗಿ ಮಾತಾಡಬೇಕಾಯಿತು. ಕೊನೆಗೆ ಊರಿನವರೇ "ಮುನಿಯಪ್ಪ ಬಯಲಲ್ಲಿ ಇರೋ ದೇವರು, ಸೂರು ಬೇಡ" ಅಂದಿದ್ದರಿಂದ ಬಚಾವಾದೆವು. ಜಾತ್ರೆಗೆ ತೋಪು ಪೂರ್ತಿ ಅವರದ್ದು, ಆ ಮಾತಿಗೆ ನಾವು ತಪ್ಪುವುದಿಲ್ಲ.

ದಿನದ ನಿರ್ವಹಣೆ ಅಂಥ ದೊಡ್ಡದೇನಲ್ಲ. ಹೊಂಗೆ ಎಲೆ ಉದುರುವ ಕಾಲದಲ್ಲಿ ಗುಡಿಸಿ ಬೆಂಕಿ ಹಾಕುವ ಅಭ್ಯಾಸವಿತ್ತು. ಈಗ ಉದ್ದದ ಗುಂಡಿಗೆ ತಳ್ಳಿ ಮೇಲೆ ಮಣ್ಣೆಳೆಯುತ್ತಾರೆ. ಹುಲ್ಲನ್ನು ಬೀಜ ಉದುರಿದ ಮೇಲೆ ವರ್ಷಕ್ಕೊಮ್ಮೆ ಕೊಯ್ಯುವುದು, ಅಷ್ಟೇ.

ಸದ್ಯದ ತಕರಾರು ದೀಪದ್ದು. ಸಂಜೆ ಓಡಾಡುವ ಹೆಣ್ಣುಮಕ್ಕಳು ಬೆಳಕು ಕೇಳುತ್ತಿದ್ದಾರೆ, ಅದು ನ್ಯಾಯವೇ. ಗುತ್ತಿಗೆದಾರರು ನಡುವೆ ಹೈಮಾಸ್ಟ್ ದೀಪದ ಎತ್ತರದ ಕಂಬ ನೆಡೋಣ ಅನ್ನುತ್ತಾರೆ. ಹಲಸಿನ ಮರದ ಬಾವಲಿಗಳ ಗತಿ ಏನು? ರಸ್ತೆಯಂಚಿನ ಕಂಬಗಳಿಗೇ ಕೆಳಮುಖದ ದೀಪ ಹಾಕಿಸಿ ಅಂತ ಪಾಲಿಕೆಗೆ ಬರೆದಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.