ಸಾಕುಗಿಳಿಯ ಆಯಸ್ಸು: ಬಟ್ಟಲು ಊದಿ ನೋಡಿ

ಗಿಳಿ ಎಷ್ಟು ವರ್ಷ ಬದುಕುತ್ತದೆ ಎಂದು ಕೇಳಿದವರಿಗೆ ಮರುಪ್ರಶ್ನೆ ಹಾಕಬೇಕು: ಯಾವ ಗಿಳಿ? ಅಂಗೈಯಲ್ಲಿ ಕೂರುವ ಬಡ್ಜಿಗೆ 5ರಿಂದ 10 ವರ್ಷ, ಲವ್‌ಬರ್ಡ್‌ಗೆ 10–15, ಕಾಕಟೀಲ್‌ಗೆ 15–20. ಆಫ್ರಿಕನ್ ಗ್ರೇ, ಅಮೆಜಾನ್ ಗಿಳಿಗಳು 40 ದಾಟಬಲ್ಲವು. ಮಕಾವ್ ಮತ್ತು ದೊಡ್ಡ ಕಾಕಟೂಗಳು 50–60 ಮುಟ್ಟುವುದುಂಟು. ನಡುವಯಸ್ಸಿನಲ್ಲಿ ಮಕಾವ್ ಮರಿ ತರುವವರು, ತಾವು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇದೆಲ್ಲ ಚೆನ್ನಾಗಿ ಸಾಕಿದ ಹಕ್ಕಿಯ ಲೆಕ್ಕ. ಶಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕಿ ಎಂಬ ಕಾಕಟೂ 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ. ಅದನ್ನು ಕೇಳಿ ಬೀಗಬೇಡಿ. ಮೃಗಾಲಯಗಳ ದಾಖಲೆಗಳನ್ನು ಜಾಲಾಡಿದ 2022ರ ಅಧ್ಯಯನವೊಂದರಲ್ಲಿ ಕೆಂಪು ಮಕಾವ್‌ನ ಸರಾಸರಿ ಆಯಸ್ಸು ಸುಮಾರು 30 ವರ್ಷ ಮಾತ್ರ.

ಗಿಳಿಯನ್ನು ಹೆಚ್ಚು ಕಾಲ ಬದುಕಿಸುವ ಕೆಲಸ ಶುರುವಾಗುವುದು ಊಟದ ಬಟ್ಟಲಿನಿಂದ. ಗಿಳಿ ಬೀಜವನ್ನು ಕೊಕ್ಕಿನಲ್ಲೇ ಹೊರಳಿಸಿ, ತಿರುಳು ತಿಂದು, ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುತ್ತದೆ. ದೂರದಿಂದ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಒಮ್ಮೆ ಊದಿ, ಸಿಪ್ಪೆಯೆಲ್ಲ ಹಾರಿ ತಳ ಕಂಡೀತು. ಇನ್ನು ಬಟ್ಟಲಲ್ಲಿ ಬರೀ ಸೂರ್ಯಕಾಂತಿ ಬೀಜವಿದ್ದರೆ ಹೊಟ್ಟೆ ತುಂಬಿಯೂ ಕೊರತೆ ತಪ್ಪದು: ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಮತ್ತು ‘ಎ’ ವಿಟಮಿನ್ ಕಡಿಮೆ. ವರ್ಷಗಟ್ಟಲೆ ಇದನ್ನೇ ತಿಂದ ಹಕ್ಕಿಯ ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುತ್ತದೆ, ರಕ್ತನಾಳ ಗಡುಸಾಗುತ್ತದೆ. ‘ನಮ್ಮದಕ್ಕೆ ಬೀಜ ಬಿಟ್ಟು ಬೇರೇನೂ ಸೇರುವುದಿಲ್ಲ’ ಎನ್ನುವವರು, ಮಗುವಿಗೆ ಮಿಠಾಯಿ ಬಿಟ್ಟು ಬೇರೇನೂ ಸೇರುವುದಿಲ್ಲ ಎಂದರೆ ಒಪ್ಪುತ್ತಾರೆಯೇ?

ಬದಲಾವಣೆ ನಿಧಾನವಾಗಿರಲಿ. ಗಿಳಿಗೆಂದೇ ತಯಾರಿಸಿದ ಪೆಲೆಟ್ (ಗುಳಿಗೆಯಂಥ ಆಹಾರ) ಅನ್ನು ಮೊದಲು ಬೀಜದ ಜೊತೆ ಚಿಟಿಕೆಯಷ್ಟು ಬೆರೆಸಿ, ವಾರದಿಂದ ವಾರಕ್ಕೆ ಪಾಲು ಹೆಚ್ಚಿಸಿ. ಕ್ಯಾರೆಟ್, ಕಡುಹಸಿರು ಸೊಪ್ಪು ಬೆಳಿಗ್ಗೆ ಹಸಿದಿರುವಾಗಲೇ ಸಿಗಲಿ. ಉಪವಾಸ ಕೆಡವಿ ದಾರಿಗೆ ತರುತ್ತೇನೆಂದು ಮಾತ್ರ ಹೊರಡಬೇಡಿ. ಹೊಸದನ್ನು ಆಹಾರವೆಂದೇ ಗುರುತಿಸದೆ ಪುಟ್ಟ ಹಕ್ಕಿ ಹಸಿವಿನಿಂದಲೇ ಸತ್ತೀತು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಮದ್ಯ ಒಂದು ಚೂರೂ ಬೇಡ.

ಎರಡನೆಯದು ಗಾಳಿ. ಪಂಜರ ಅಡುಗೆಮನೆಯಲ್ಲಿದ್ದರೆ ಇವತ್ತೇ ಎತ್ತಿಡಿ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಕೊಂಡಿವೆ. ಹಾರಾಟಕ್ಕೆ ಬೇಕಾದ ಆಮ್ಲಜನಕವನ್ನು ಹೀರುವ ಚುರುಕಿನಲ್ಲೇ ಆ ಮೈ ವಿಷವನ್ನೂ ಹೀರಿಕೊಳ್ಳುತ್ತದೆ. ಖಾಲಿ ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ, ನಮಗೆ ವಾಸನೆ ತಿಳಿಯುವ ಮೊದಲೇ ಗಿಳಿ ಉರುಳಬಹುದು. ಸಿಗರೇಟ್, ಸ್ಪ್ರೇಗಳು ಇಷ್ಟು ಬೇಗ ಕೊಲ್ಲದಿದ್ದರೂ ಒಳಗೊಳಗೇ ಸವೆಸುತ್ತವೆ.

ನಿದ್ದೆ 10–12 ಗಂಟೆ, ಕತ್ತಲಲ್ಲಿ. ಬಿಸಿಲು ಗಾಜಿನಾಚೆಯಿಂದ ಬಂದರೆ ಸಾಲದು. ‘ಡಿ’ ವಿಟಮಿನ್‌ಗೆ ಬೇಕಾದ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಜೊತೆಯಿಲ್ಲದೆ ಬೇಸತ್ತ ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ. ಪಂಜರದಿಂದ ಬಿಡುವ ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ.

ಮೂರನೆಯದನ್ನು ಹೆಚ್ಚಿನವರು ಮಾಡುವುದೇ ಇಲ್ಲ: ತೂಕ. ಕಾಯಿಲೆಬಿದ್ದ ಹಕ್ಕಿ ಬೇಟೆಗಾರನ ಕಣ್ಣಿಗೆ ಮೊದಲು ಬೀಳುತ್ತದೆ. ಹಾಗಾಗಿ ಗಿಳಿ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ತಕ್ಕಡಿಯ ಮುಂದೆ ಆ ನಾಟಕ ನಡೆಯದು. ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಒಂದು ಕೋಲು ನಿಲ್ಲಿಸಿ, ಬೆಳಗಿನ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ಕೂರಿಸಿ. ಬಡ್ಜಿಯ ತೂಕ 30–40 ಗ್ರಾಂ. ಅದರಲ್ಲಿ 3–4 ಗ್ರಾಂ ಇಳಿದರೆ ಶೇ 10ರಷ್ಟು ಹೋದಂತೆ, ಗಾಬರಿಪಡಬೇಕಾದ ವಿಷಯವೇ. ಹಿಕ್ಕೆಯನ್ನೂ ನೋಡಿ: ಗಟ್ಟಿ ಮಲ, ಬಿಳಿ ಭಾಗ, ನೀರು ಮೂರೂ ಬೇರೆಬೇರೆ ಕಾಣಬೇಕು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂತಿದ್ದರೆ ನಾಳೆಗೆ ಮುಂದೂಡಬೇಡಿ. ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರ ಬಳಿ ಅಂದೇ ಹೋಗಿ. ತೂಕ ಬರೆದಿಟ್ಟ ಪುಸ್ತಕವೂ ಜೊತೆಗಿರಲಿ.