ಗವಿಮಠಕ್ಕೆ ನಮ್ಮ ಮನೆಯ ರೊಟ್ಟಿ

ಕೊಪ್ಪಳದ ಒಂದು ವೃದ್ಧಾಶ್ರಮದಲ್ಲಿ ಹಿರಿಯರ ದಿನಚರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗೆ ಆರು ವರ್ಷವಾಯಿತು. 15 ಹೆಣ್ಣುಮಕ್ಕಳು, 8 ಗಂಡಸರು, ಒಟ್ಟು 23 ಜನ. ದಸರೆಯಿಂದ ಗವಿಮಠದ ಜಾತ್ರೆಯವರೆಗಿನ ನಾಲ್ಕು ತಿಂಗಳೇ ನಮ್ಮಲ್ಲಿ ಹಬ್ಬದ ಕಾಲ. ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನವರಾತ್ರಿಯ ಶುಕ್ರವಾರ ಅರಿಶಿನ-ಕುಂಕುಮ ಇಟ್ಟುಕೊಂಡಿದ್ದೆ. ಉಡಿ ತುಂಬಲು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ ಎಲ್ಲ ತಂದಿದ್ದೆ. ಹಜಾರಕ್ಕೆ ಬಂದವರು ನಾಲ್ಕೇ ಮಂದಿ. ಉಳಿದ ಹನ್ನೊಂದು ಜನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ಕರೆಯಲು ಹೋದಾಗ ಕುಕನೂರು ಕಡೆಯ ಅಜ್ಜಿ, "ಗಂಡ ಹ್ವಾದವ್ರಿಗೆ ಅಲ್ಲೇನೈತಿ ಯವ್ವಾ, ನೀ ನಡಿ" ಅಂದರು. ಸಿಟ್ಟಿನಿಂದಲ್ಲ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. ಅದು ಇನ್ನೂ ನನ್ನ ಎದೆಯಲ್ಲಿದೆ. ವೃದ್ಧಾಶ್ರಮದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಗಂಡನನ್ನು ಕಳೆದುಕೊಂಡವರೇ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಆದರೂ ಅವರನ್ನು ಹೊರಗಿಡುವ ಹಬ್ಬವನ್ನೇ ಅವರ ಮನೆಯೊಳಗೆ ತಂದಿದ್ದೆ. ಆಮೇಲೆ ಕುಂಕುಮ ಇಟ್ಟುಕೊಳ್ಳಲು ಇಬ್ಬರು ಒಪ್ಪಿದರು, ಉಳಿದವರು ಬೇಡವೆಂದರು. ಅರವತ್ತು ವರ್ಷ ಪಾಲಿಸಿದ ರೂಢಿಯನ್ನು ಬಿಡಿ ಎಂದು ಒತ್ತಾಯಿಸುವುದು ನನ್ನ ಕೆಲಸ ಅನ್ನಿಸಲಿಲ್ಲ. ಯಾರೂ ಹೊರಗುಳಿಯದ ಹಬ್ಬ ಹುಡುಕುವುದು ನನ್ನ ಕೆಲಸ.

ಅದೇ ವರ್ಷದ ದೀಪಾವಳಿಗೆ ಇನ್ನೊಂದು ಪಾಠವಾಯಿತು. ಹೊರಗಿನಿಂದ ಒಂದು ಗುಂಪು ಬಂದು ಧ್ವನಿವರ್ಧಕ ಹಚ್ಚಿ, ಪೊಟ್ಟಣ ಹಂಚಿ, ಫೋಟೊ ತೆಗೆದುಕೊಂಡು ಅರ್ಧ ತಾಸಿನಲ್ಲಿ ಹೊರಟಿತು. ಅವರ ಮನಸ್ಸು ಒಳ್ಳೆಯದೇ. ಆದರೆ ಜೀವಮಾನವಿಡೀ ಹಬ್ಬಕ್ಕೆ ನಾಲ್ಕು ಮಂದಿಗೆ ಬಡಿಸಿ ಉಂಡವರು ಸಾಲಾಗಿ ಕೂತು ಕೈ ಚಾಚಬೇಕಾಯಿತು. ಗಂಗಾವತಿ ಕಡೆ ನಾಲ್ಕು ಎಕರೆ ಭತ್ತ ಬೆಳೆಯುತ್ತಿದ್ದ ಅಜ್ಜ ತಮ್ಮ ಪೊಟ್ಟಣವನ್ನು ಬಿಚ್ಚದೆ ಕಾವಲುಗಾರನ ಮಗನಿಗೆ ಕೊಟ್ಟುಬಿಟ್ಟರು.

ಮರು ವರ್ಷದಿಂದ ದಸರೆಗೆ ಬನ್ನಿ ಎಲೆ ಕೊಡುವುದನ್ನೇ ಹಿಡಿದೆ. ಬನ್ನಿಗೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಕಿರಿಯರು ಬನ್ನಿ ಕೊಟ್ಟು ಕಾಲು ಮುಟ್ಟುತ್ತಾರೆ, ಹಿರಿಯರು ಹರಸುತ್ತಾರೆ. ಓಣಿಯ ಮಕ್ಕಳಿಗೆ ಹೇಳಿ ಕಳಿಸಿದೆ, ಸಂಜೆ ಐದಕ್ಕೆ ಮೂವತ್ತು ಮಕ್ಕಳು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದ ಪ್ರತಿ ಮಗುವಿನ ಕೈಗೂ ಹಿರಿಯರು ತಾವೇ ಕಟ್ಟಿಟ್ಟ ಶೇಂಗಾ ಉಂಡೆ ಇಟ್ಟರು. ಹಾಸಿಗೆ ಬಿಟ್ಟು ಏಳಲಾಗದ ಇಬ್ಬರ ಬಳಿಗೂ ಮಕ್ಕಳನ್ನು ಮೂರು ಮೂರು ಮಂದಿಯಂತೆ ಕಳಿಸಿದೆ. ಒಮ್ಮೆಲೇ ಎಲ್ಲರೂ ನುಗ್ಗಿದರೆ ಅವರು ದಣಿಯುತ್ತಾರೆ.

ದೀಪಾವಳಿಯಲ್ಲಿ ನಾನು ನೋಡಿಕೊಳ್ಳುವುದು ಮುಖ್ಯವಾಗಿ ಕಾಲು ಜಾರುವುದನ್ನು. ಎಣ್ಣೆ ತಲೆಗೆ ಮಾತ್ರ, ಅಂಗಾಲಿಗೆ ಇಲ್ಲ. ಒಬ್ಬೊಬ್ಬರಾಗಿ ಸ್ನಾನ, ನಡುವೆ ನೆಲ ಸೋಪು ಹಾಕಿ ತೊಳೆದು ಒರೆಸುವುದು. ಹಣತೆಗಳನ್ನು ನೆಲಕ್ಕಿಡದೆ ಕಟ್ಟೆಯ ಮೇಲಿಡುತ್ತೇವೆ, ಸೆರಗು ತಾಗಬಾರದು. ಸಕ್ಕರೆ ಕಾಯಿಲೆಯವರಿಗೆ ಅರ್ಧ ಹೋಳಿಗೆ ಉಂಟು, ಆದರೆ ಅದು ರೊಟ್ಟಿಯ ಬದಲಿಗೆ, ರೊಟ್ಟಿಯ ಮೇಲಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹಿಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಈ ಮಾತಿನಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಪಾಕ ಅಡುಗೆಯವರೇ ಎರೆಯುತ್ತಾರೆ. ಕಟ್ಟಿಗೆಯ ಅಚ್ಚು ನೆನೆಸಿಡುವುದು, ಆರಿದ ಮೇಲೆ ಗೊಂಬೆ ಮುರಿಯದಂತೆ ಬಿಡಿಸುವುದು ಹಿರಿಯರ ಪಾಲು.

ಇವೆಲ್ಲ ಚೆನ್ನಾಗಿಯೇ ನಡೆದವು. ಆದರೆ ಮನೆಯೇ ಮೈದುಂಬಿ ಎದ್ದದ್ದು ರೊಟ್ಟಿ ಬಡಿಯಲು ಕೂತಾಗ.

ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯ ರಥೋತ್ಸವ ಪುಷ್ಯ ಬಹುಳ ಬಿದಿಗೆಯಂದು, ಬನದ ಹುಣ್ಣಿಮೆ ಕಳೆದ ಎರಡನೇ ದಿನ. ಮಹಾದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ಜೋಳದ ರೊಟ್ಟಿ ಬರುತ್ತದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಕುಕನೂರಿನ ಅಜ್ಜಿ, "ಊರಾಗಿದ್ದಾಗ ವರ್ಷಾ ಅಜ್ಜಗ ರೊಟ್ಟಿ ಕಳಸ್ತಿದ್ವಿ. ಈಗ ನಮ್ಮ ರೊಟ್ಟಿ ಯಾರಿಗೆ ಬೇಕು" ಅಂದರು. ಅಜ್ಜ ಎಂದರೆ ಇಲ್ಲಿ ಗವಿಸಿದ್ಧೇಶ್ವರ. ಮರುದಿನವೇ ಬಿಳಿಜೋಳ ಬೀಸಲು ಕಳಿಸಿದೆ.

ಗೋಧಿಯ ಅಂಟು ಜೋಳದಲ್ಲಿಲ್ಲ, ಕುದಿಯುವ ಎಸರು ಬಿದ್ದರೇ ಹಿಟ್ಟು ಹಿಡಿಯುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಜಿಗಿ ಕಳೆದುಕೊಂಡು ಅಂಚು ಸೀಳುತ್ತದೆ. ಅದಕ್ಕೇ ಮೂರು ದಿನಕ್ಕೊಮ್ಮೆ ಗಿರಣಿಗೆ ಕಳಿಸುತ್ತಿದ್ದೆವು. ಎಸರು ಮತ್ತು ಹೆಂಚು ಅಡುಗೆಯವರ ಕೈಯಲ್ಲಿ. ನಾದಿ ಬಡಿಯುವವರು ಐದು ಮಂದಿ. ನೆಲದ ಮೇಲೆ ಕೂರುತ್ತೇವೆಂದು ಹಟ ಹಿಡಿದರು, ಮೊಣಕಾಲು ಕೇಳಬೇಕಲ್ಲ! ಬಡಿಗೇರರನ್ನು ಕರೆಸಿ ಒಂದು ಮೇಜಿನ ಕಾಲು ಕೊಯ್ಯಿಸಿ, ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕುವಷ್ಟು ಎತ್ತರಕ್ಕೆ ತಂದೆ. ಅರ್ಧ ತಾಸು ಕೆಲಸ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ವಿಶ್ರಾಂತಿ.

ಬಡಿಯಲಾಗದವರಿಗೂ ಕೆಲಸ ಸಿಕ್ಕಿತು. ದೃಷ್ಟಿ ಪೂರಾ ಹೋಗಿರುವ ಅಮ್ಮನೊಬ್ಬರು ಪ್ರತಿ ರೊಟ್ಟಿಯನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಖಡಕ್ ಆದದ್ದು ಬುಟ್ಟಿಗೆ, ಮೆತ್ತಗಿದ್ದದ್ದು ಮತ್ತೆ ಹೆಂಚಿಗೆ. ಹಸಿ ಉಳಿದ ಒಂದು ರೊಟ್ಟಿ ಬೂಸರು ಹಿಡಿದರೆ ಗಂಟೇ ಕೆಡುತ್ತದೆ, ಹಾಗಾಗಿ ಇದು ಹಗುರದ ಕೆಲಸವಲ್ಲ. ಒಂಬತ್ತು ದಿನದಲ್ಲಿ ಅವರ ಕೈ ದಾಟಿದ ಒಂದೂ ಕೆಡಲಿಲ್ಲ. ಕಿರಾಣಿ ಅಂಗಡಿ ನಡೆಸಿದ್ದ ಅಜ್ಜ ಲೆಕ್ಕ ಬರೆದರು. ಮರೆವಿನ ಕಾಯಿಲೆಯ ಅಮ್ಮ ದಿನವೂ ಬಂದು "ಯಾರ ಮದಿವಿ?" ಎಂದು ಕೇಳುತ್ತಿದ್ದರು. "ಅಜ್ಜನ ಜಾತ್ರಿರೀ" ಎಂದರೆ ಕೂತು ಉಂಡೆ ಮಾಡಿ ಕೊಡುತ್ತಿದ್ದರು. ಎಲ್ಲ ಉಂಡೆಯೂ ಒಂದೇ ಅಳತೆ.

ಒಟ್ಟು 640 ರೊಟ್ಟಿ. ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ, ಪಕ್ಕದ ಹಳ್ಳಿಯ ಟ್ರ್ಯಾಕ್ಟರ್‌ಗೆ ಏರಿಸುವ ಮೊದಲು ಪೂಜೆ ಯಾರು ಮಾಡುವುದೆಂದು ನಾನು ಅನುಮಾನಿಸುತ್ತಿದ್ದೆ. ಕುಕನೂರಿನ ಅಜ್ಜಿ ಎದ್ದು ಬಂದು ವಿಭೂತಿ ಹಿಡಿದು ಗಂಟಿಗೆ ಮೂರು ಬೆರಳು ಎಳೆದರು. ಹಿಂದೆಯೇ ಉಳಿದವರೂ ಬಂದರು.

ತೇರಿನ ದಿನದ ಜನಸಾಗರದಲ್ಲಿ ಇವರನ್ನು ಕರೆದೊಯ್ಯುವಂತಿಲ್ಲ. ದಾಸೋಹ ಆಮೇಲೂ ಹಲವು ದಿನ ನಡೆಯುತ್ತದೆ, ರಜೆಯಿಲ್ಲದ ಒಂದು ದಿನ ಬೆಳಿಗ್ಗೆ ಬೇಗ ಹನ್ನೆರಡು ಜನ ವ್ಯಾನಿನಲ್ಲಿ ಹೋದೆವು. ಗುಡ್ಡ ಹತ್ತದೆ ಕೆಳಗಿನಿಂದಲೇ ಕೈ ಮುಗಿದು ಊಟಕ್ಕೆ ಕೂತೆವು. ತಟ್ಟೆಗೆ ರೊಟ್ಟಿ ಬಿದ್ದದ್ದೇ ತಡ, ಎಲ್ಲರೂ ಎತ್ತಿ ತಿರುವಿ ನೋಡತೊಡಗಿದರು. ಕುಕನೂರಿನ ಅಜ್ಜಿ ತಮ್ಮದನ್ನು ಬೆಳಕಿಗೆ ಹಿಡಿದು, "ಇದು ನಮ್ದಲ್ಲ ಬಿಡು, ಅಂಚು ದಪ್ಪ ಐತಿ" ಅಂದು ಮುರಿದು ಬಾಯಿಗಿಟ್ಟುಕೊಂಡರು.